ಯಾರೂ ಮಾತಾಡದ ಕಾದಂಬರಿ

ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಪುಸ್ತಕಗಳು ಅಚ್ಚಿಗೆ ಹೋಗುವ ಮುಂಚೆ ಅವುಗಳ ಕರಡು ತಿದ್ದಿಕೊಡುತ್ತೇನೆ. ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಕಂಡಕ್ಟರು "ಹೊಸನಗರ, ಹೊಸನಗರ" ಎಂದು ಕೂಗುವುದು ನನ್ನ ಮೇಜಿನವರೆಗೂ ಕೇಳುತ್ತದೆ. ಆ ಗಲಾಟೆಯ ನಡುವೆ ಕೂತು, ಎಲ್ಲೋ ದೂರದ ಪ್ರಕಾಶಕರು ಕಳಿಸುವ ಕಾದಂಬರಿ, ಪರೀಕ್ಷೆಯ ಗೈಡು, ಬೇಸಾಯದ ಕೈಪಿಡಿ ಎಲ್ಲದಕ್ಕೂ ಗುರುತು ಹಾಕುತ್ತಾ ಅರ್ಧ ಆಯುಷ್ಯ ಕಳೆದಿದ್ದೇನೆ. ಮದುವೆಯ ಕರೆಯೋಲೆ ಬಂದರೆ ತಾರೀಕು ನೋಡುವ ಮೊದಲೇ ಪೆನ್ನು ಹುಡುಕುತ್ತೇನೆ. ಇಂಥವಳ ಜೊತೆ ಬಾಳುವುದು ಸುಲಭವಲ್ಲ ಎಂದು ನನಗೇ ಗೊತ್ತಿದೆ.

ಬಾಳುತ್ತಿರುವವಳು ಅಕ್ಕ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅರಳಸುರಳಿಯ ಕಡೆ ಅಂಗನವಾಡಿ ಟೀಚರಾಗಿದ್ದು ನಿವೃತ್ತಳಾದವಳು. ಅವಳು ಮದುವೆಯಾಗಿ ಗಂಡನನ್ನು ಕಳೆದುಕೊಂಡವಳು, ನಾನು ಮದುವೆಯ ಗೊಡವೆಗೇ ಹೋಗದವಳು. ಕೆಲಸ ಮುಗಿದ ಮೇಲೆ ಒಂದು ಟ್ರಂಕು ಬಟ್ಟೆ, ಎರಡು ಚೀಲ ಪುಸ್ತಕ ಹಿಡಿದುಕೊಂಡು ನನ್ನ ಮನೆಗೆ ಬಂದಳು. ಬಂದ ದಿನವೇ ಅಡುಗೆಮನೆಯಲ್ಲಿ ಒಂದು ಸ್ಟೂಲು ಹಾಕಿಕೊಂಡು, ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ವಾರಪತ್ರಿಕೆ ಹಿಡಿದು ಧಾರಾವಾಹಿ ಓದತೊಡಗಿದಳು. ಪತ್ತೇದಾರಿ, ಸಾಂಸಾರಿಕ, ಅನುವಾದ ಎಂದು ಅವಳಿಗೆ ಭೇದವಿರಲಿಲ್ಲ. ಪುಟ ಇದ್ದರೆ ಸಾಕಿತ್ತು.

ಆಮೇಲೆ ಅವಳ ಕಣ್ಣು ಹೋಯಿತು. ಕಣ್ಣಿನೊಳಗೆ ಒತ್ತಡ ಹೆಚ್ಚಾಗುವ ಕಾಯಿಲೆ. ಸಾಗರದ ಕಣ್ಣಿನ ಡಾಕ್ಟರ ಬಳಿ ತಿಂಗಳಿಗೊಮ್ಮೆ ಕರೆದುಕೊಂಡು ಹೋಗುತ್ತಿದ್ದೆ. ಡ್ರಾಪ್ಸ್ ಹಾಕಿದ ಮೇಲೆ ಹೇಗಿದೆ ಎಂದು ಅವರು ಪ್ರತಿಸಲವೂ ಕೇಳುತ್ತಿದ್ದರು. "ಅಡ್ಡಿಲ್ಲ ಡಾಕ್ಟ್ರೇ" ಎಂದು ಅಕ್ಕ ಪ್ರತಿಸಲವೂ ಹೇಳುತ್ತಿದ್ದಳು. ನೋವಿದೆಯೇ ಎಂದರೆ ಅಡ್ಡಿಲ್ಲ. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆಯೇ ಎಂದರೆ ಅಡ್ಡಿಲ್ಲ. ಆ ಡಾಕ್ಟರು ಒಳ್ಳೆಯವರು, ತಾಳ್ಮೆಯವರು, ಅವರ ಮೇಲೆ ನನ್ನ ದೂರು ಏನೂ ಇಲ್ಲ. ಉಪಕಾರ ಮಾಡುತ್ತಿರುವವರ ಎದುರು ನೋವು ಎಂದು ಹೇಳುವುದು ಅಕ್ಕನಿಗೆ ಗೊತ್ತಿರಲಿಲ್ಲ. ನಿಜ ಗೊತ್ತಾಗುವ ಹೊತ್ತಿಗೆ ಎರಡೂ ಕಣ್ಣಿನಲ್ಲಿ ಬೆಳಕು ಕತ್ತಲೆಯ ವ್ಯತ್ಯಾಸ ಮಾತ್ರ ಉಳಿದಿತ್ತು.

ಆಗಿನಿಂದ ದಿನಾ ಮಧ್ಯಾಹ್ನ ನಾನು ಅವಳಿಗೆ ಒಂದು ಗಂಟೆ ಓದಿ ಹೇಳುತ್ತಿದ್ದೆ. ಅವಳು ಗೋಡೆಗೆ ಒರಗಿ, ಕಾಲು ಚಾಚಿ, ಕೈ ಮಡಿಚಿಕೊಂಡು ಕೇಳುತ್ತಿದ್ದಳು. ಬೆಳಗಿನಿಂದ ಅಕ್ಷರ ನೋಡಿ ನೋಡಿ ನನ್ನ ಕಣ್ಣು ಉರಿಯುತ್ತಿರುತ್ತಿತ್ತು. ಅವಳು ಒಂದು ದಿನವೂ ಇನ್ನೊಂದು ಪುಟ ಓದು ಎನ್ನಲಿಲ್ಲ. ಗಂಟೆಯಾಯಿತೆಂದು ನನ್ನ ಕುರ್ಚಿ ಸದ್ದು ಮಾಡಿದ ಕೂಡಲೇ "ಸಾಕು, ನೀನು ಕೆಲಸ ನೋಡ್ಕೋ" ಎಂದುಬಿಡುತ್ತಿದ್ದಳು. ಒಮ್ಮೆ ಮಾತ್ರ, ನಾನು ಕೇಳದೆಯೇ, ಒಂದು ಮಾತು ಹೇಳಿದಳು.

"ನಂಗೆ ಬೇಕಾದಾಗ ನಾನೇ ಓದ್ಕೊಳ್ಳೋ ಹಾಗಿದ್ರೆ ಆಗಿತ್ತು ಕಣೇ. ಬೇಡ ಅನ್ನಿಸಿದ್ರೆ ನಿಲ್ಲಿಸಿ, ಹಿಂದಿನ ಪುಟಕ್ಕೆ ಹೋಗಿ, ಮತ್ತೆ ಓದಿ. ಯಾರನ್ನೂ ಕಾಯ್ಸದೇ."

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಏನನ್ನೂ ಬೇಡದವಳು ಬೇಡಿದ ಒಂದೇ ಒಂದು ಸಂಗತಿ ಅದು.

ಆ ವರ್ಷವೇ ನನ್ನ ಕಂಪ್ಯೂಟರಿನಲ್ಲಿ ಒಂದು ಪ್ರಕಟಣೆ ಕಂಡಿತು. ಮುಂದಿನ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಕನ್ನಡ ಓದಿ ಹೇಳುವ ದನಿ ಇರುತ್ತದಂತೆ. ಪರದೆಯ ಮೇಲೆ ಏನಿದ್ದರೂ ಓದುತ್ತದಂತೆ. ಬಿಡುಗಡೆಗೆ ಇನ್ನೂ ತಿಂಗಳುಗಳಿದ್ದವು. ಆದರೆ ಇಷ್ಟವಿದ್ದವರು ಹೆಸರು ಕೊಟ್ಟರೆ, ಬಿಡುಗಡೆಗೆ ಮುಂಚಿನ ಪ್ರಯೋಗದ ಆವೃತ್ತಿಯನ್ನು ಮನೆಯಲ್ಲೇ ಹಾಕಿಕೊಂಡು ಪರೀಕ್ಷಿಸಬಹುದಿತ್ತು. ಫೋನಿನಲ್ಲೂ ಓದುವ ದನಿ ಇತ್ತು, ಅದನ್ನು ಮೊದಲೇ ನೋಡಿದ್ದೆವು. ನುಣ್ಣನೆಯ ಗಾಜಿನ ಮೇಲೆ ಅಕ್ಕನ ಬೆರಳು ದಾರಿ ತಪ್ಪಿ ಯಾರಿಗೋ ಫೋನ್ ಹೋಗುತ್ತಿತ್ತು. ಒಮ್ಮೆ ಗ್ಯಾಸ್ ಏಜೆನ್ಸಿಯವರ ಜೊತೆ ಹತ್ತು ನಿಮಿಷ ಕ್ಷಮೆ ಕೇಳುತ್ತಾ ಮಾತಾಡಿದ್ದಳು. ಕಂಪ್ಯೂಟರಿನ ಕೀಲಿಗಳಾದರೆ ಮುಟ್ಟಿದರೆ ಕೈಗೆ ಸಿಗುತ್ತವೆ.

ಹೆಸರು ಕೊಟ್ಟೆ. "ಇದು ಇನ್ನೂ ಪೂರ್ಣಗೊಂಡಿಲ್ಲ, ನಿಮ್ಮ ಮುಖ್ಯ ಕಂಪ್ಯೂಟರಿನಲ್ಲಿ ಹಾಕಬೇಡಿ" ಎಂದು ಎಚ್ಚರಿಕೆ ಬಂತು. ಮುಖ್ಯವಲ್ಲದ ಕಂಪ್ಯೂಟರ್ ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು? ಇದ್ದ ಒಂದರಲ್ಲೇ ಹಾಕಿದೆ. ನಮ್ಮ ಬೀದಿಯ ನೆಟ್‌ವರ್ಕಿಗೆ ಅದು ಇಳಿಯಲು ಎರಡು ದಿನ ಹಿಡಿಯಿತು. ಶೇಕಡಾ ತೊಂಬತ್ತಕ್ಕೆ ಬಂದಾಗ ಕರೆಂಟು ಹೋಗಿ ಮತ್ತೆ ಮೊದಲಿನಿಂದ. ಕೊನೆಗೆ ಯಂತ್ರ ನಾಲ್ಕು ಸಲ ತಾನೇ ಆರಿ, ತಾನೇ ಹತ್ತಿ, ಹೊಸ ನೀಲಿ ಪರದೆ ತೋರಿಸಿ ನಿಂತಿತು. ನಾನು ವರ್ಷಗಳಿಂದ ಬಳಸುತ್ತಿದ್ದ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶ ಅದರಲ್ಲಿ ತೆರೆಯಲೇ ಇಲ್ಲ. ಹಳೆಯ ಕಡತಗಳಲ್ಲಿ ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಬೇರೆ ಹೊತ್ತಿನಲ್ಲಾಗಿದ್ದರೆ ಕಿರುಚುತ್ತಿದ್ದೆ. ಆವತ್ತು ಹಲ್ಲು ಕಚ್ಚಿಕೊಂಡು ಹೊಸದನ್ನು ಕಲಿಯಲು ಕೂತೆ.

ದನಿಯನ್ನು ಪರೀಕ್ಷಿಸಲು ಆ ವಾರ ಮೇಜಿನ ಮೇಲಿದ್ದ ಕೆಲಸವನ್ನೇ ತೆರೆದೆ. ಕಾಳುಮೆಣಸಿನ ಸೊರಗು ರೋಗದ ಬಗ್ಗೆ ಒಂದು ಕೈಪಿಡಿ. ಹೆಂಗಸಿನ ದನಿ. ಸ್ವಲ್ಪ ಮೂಗಿನಲ್ಲಿ ಮಾತಾಡಿದ ಹಾಗೆ, ಆದರೆ ಸ್ಪಷ್ಟ. ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕು, ಸುಣ್ಣ ಇಷ್ಟು, ಮೈಲುತುತ್ತ ಇಷ್ಟು. ನಾನು ಸಾಲಿನ ಮೇಲೆ ಬೆರಳಿಟ್ಟುಕೊಂಡು ನಾಲ್ಕು ಪುಟ ಹಿಂಬಾಲಿಸಿದೆ. ಒಂದಕ್ಷರ ತಪ್ಪಲಿಲ್ಲ. ನಿಜ ಹೇಳುತ್ತೇನೆ, ನನಗೆ ಅಳು ಬಂತು.

ಅಕ್ಕನಿಗಾಗಿ ಮೂರು ಕೀಲಿಗಳ ಮೇಲೆ ಹಣೆಗಿಡುವ ಸ್ಟಿಕ್ಕರ್ ಬೊಟ್ಟು ಅಂಟಿಸಿದೆ. ಒಂದನ್ನು ಒತ್ತಿದರೆ ಓದು, ಇನ್ನೊಂದಕ್ಕೆ ನಿಲ್ಲು, ಮೂರನೆಯದಕ್ಕೆ ಹಿಂದೆ ಹೋಗು. ಪ್ರಕಾಶಕರ ಒಪ್ಪಿಗೆ ಕೇಳಿ, ನಾನು ತಿದ್ದಿದ್ದ ಕಾದಂಬರಿಗಳ ಕಡತಗಳನ್ನು ಹೊಸ ಅಕ್ಷರಕ್ಕೆ ಬದಲಿಸಿ ಸಾಲಾಗಿ ಇಟ್ಟೆ. ಬೆಳಿಗ್ಗೆ ಕಂಪ್ಯೂಟರ್ ನನ್ನದು, ಊಟವಾದ ಮೇಲೆ ಅವಳದು. ಅವಳು ಹೆಡ್‌ಫೋನ್ ಹಾಕಿಕೊಂಡು, ಬೊಟ್ಟನ್ನು ತಡವಿ ನೋಡಿ, ಮೊದಲ ಸಲ ತಾನೇ ಒತ್ತಿದಳು. ಅವಳ ಮುಖ ನೋಡುತ್ತಾ ನಿಂತಿದ್ದೆ. ಕೂಸು ನಡೆಯಲು ಕಲಿತಾಗ ತಾಯಂದಿರು ನಿಲ್ಲುವ ಹಾಗೆ, ಹಿಡಿಯಲು ಕೈ ಮುಂದೆ ಮಾಡಿಕೊಂಡು.

"ಹೆಂಗಿದೆ?" ಎಂದು ಕೇಳಿದೆ.

"ಅಡ್ಡಿಲ್ಲ ಕಣೇ. ಚೆನ್ನಾಗೇ ಓದ್ತಾಳೆ."

ನಾನು ಹೋಗಿ ಮಲಗಿದೆ. ಎಷ್ಟೋ ಕಾಲದ ಮೇಲೆ ಮಧ್ಯಾಹ್ನ ಒಂದು ಗಂಟೆ ನಿದ್ದೆ ಮಾಡಿದೆ.

ಪ್ರಯೋಗದ ಆವೃತ್ತಿ ಎಂದ ಮೇಲೆ ಅದು ಸುಮ್ಮನಿರುವುದಿಲ್ಲ. ವಾರಕ್ಕೊಮ್ಮೆ ಮೂಲೆಯಲ್ಲಿ ಒಂದು ಚೌಕ ಎದ್ದು ಬರುತ್ತಿತ್ತು. ಅನುಭವ ಹೇಗಿದೆ, ಯಾವುದಾದರೂ ತೊಂದರೆ ಇದೆಯೇ, ಎಷ್ಟು ನಕ್ಷತ್ರ ಕೊಡುತ್ತೀರಿ. ಓದುವ ದನಿಯ ಬಗ್ಗೆ ಕೇಳಿದಾಗಲೆಲ್ಲ ನಾನು ಅಕ್ಕನನ್ನು ಕೇಳುತ್ತಿದ್ದೆ. "ಐದೂ ಕೊಡು ಮಾರಾಯ್ತಿ. ಪುಕ್ಕಟೆ ಕೊಟ್ಟಿದಾರೆ, ಅದಕ್ಕೆ ಹೆಸರಿಡೋದಾ?" ಎನ್ನುತ್ತಿದ್ದಳು. ಐದೂ ಕೊಡುತ್ತಿದ್ದೆ.

ನನಗೆ ಅಕ್ಕನ ಆ ಮಾತಿನ ಬೇರು ಗೊತ್ತಿತ್ತು. ಅವಳು ಗೇಣಿಯ ಕಾಲದಲ್ಲಿ ಹುಟ್ಟಿದವಳು, ನಾನು ಡಿಕ್ಲರೇಷನ್ ಆದಮೇಲೆ ಬುದ್ಧಿ ತಿಳಿದವಳು. ಉಳುತ್ತಿದ್ದ ಗದ್ದೆ ನಮ್ಮದೇ ಎಂದು ಅರ್ಜಿ ಕೊಟ್ಟು ಗೆದ್ದದ್ದನ್ನು ನಮ್ಮ ಕಡೆ ಈಗಲೂ ಡಿಕ್ಲರೇಷನ್ ಎಂದೇ ಹೇಳುತ್ತಾರೆ. ಅದಕ್ಕೂ ಮುಂಚೆ, ಒಡೆಯರ ಮನೆಯಿಂದ ಹಬ್ಬಕ್ಕೆ ಬಟ್ಟೆ ಬರುತ್ತಿತ್ತಂತೆ. ಒಂದು ವರ್ಷ ಅಕ್ಕನಿಗೆ ಬಂದ ಲಂಗದ ಬಟ್ಟೆಯಲ್ಲಿ ನಡುವೆಯೇ ಹರಕು. ಏಳು ವರ್ಷದ ಹುಡುಗಿ, ಬಿಡಿಸಿ ನೋಡಿ "ಅವ್ವಾ, ಇಲ್ಲಿ" ಎನ್ನುವಷ್ಟರಲ್ಲಿ ಅವ್ವ ಅವಳ ತೋಳನ್ನು ಚಿವುಟಿ, ಒಡತಿಯ ಕಡೆ ತಿರುಗಿ "ಬಾಳ ಚೆನ್ನಾಗಿದೆ ಅಮ್ಮಾ" ಎಂದಳಂತೆ. ಕೊಟ್ಟ ಕೈಗೆ ಬೇಜಾರಾದರೆ ಮುಂದಿನ ವರ್ಷ ಗದ್ದೆಯೇ ಇರುವುದಿಲ್ಲ ಎಂಬುದು ಅವ್ವನ ಲೆಕ್ಕಾಚಾರ. ಅಕ್ಕ ಇದನ್ನು ನಗುತ್ತಾ ಹೇಳುತ್ತಿದ್ದಳು. ನನಗೆ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ನಾನು ಮಾತ್ರ ಯಾರಿಗೂ ಹೆದರದೆ ತಪ್ಪು ಹೇಳುವವಳು ಎಂಬ ಹಮ್ಮೂ ಜೊತೆಗಿತ್ತು.

ಆ ಹಮ್ಮಿನಲ್ಲೇ ಕಂಪನಿಯವರಿಗೆ ಮೂರು ಉದ್ದನೆಯ ದೂರು ಬರೆದೆ. ದನಿಯ ಬಗ್ಗೆ ಅಲ್ಲ. ಮೆನುವಿನಲ್ಲಿ ಬಳಸಿದ ಕನ್ನಡ ಪದಗಳು ಒರಟಾಗಿವೆ, ಒಂದೇ ಗುಂಡಿಗೆ ಎರಡು ಕಡೆ ಎರಡು ಹೆಸರಿದೆ, ಸೂಚನೆಗಳ ವಾಕ್ಯ ಯಾರೂ ಮಾತಾಡದ ಹಾಗಿದೆ ಎಂದು. ಉದಾಹರಣೆ ಸಮೇತ, ಅಂಕಿ ಹಾಕಿ, ಪಟ್ಟಿ ಮಾಡಿ. ಕಳಿಸಿದ ಮೇಲೆ ದಿನವಿಡೀ ಹುರುಪಿನಲ್ಲಿದ್ದೆ. ಪಕ್ಕದ ಕೋಣೆಯಲ್ಲಿ ಅಕ್ಕ ಹೆಡ್‌ಫೋನ್ ಹಾಕಿಕೊಂಡು ಏನು ಕೇಳುತ್ತಿದ್ದಾಳೆ ಎಂದು ಹೋಗಿ ಒಂದು ಕಿವಿ ಕೊಡಲಿಲ್ಲ. ಹೆಡ್‌ಫೋನಿನಿಂದಾಗಿ ನನಗೆ ಸದ್ದು ಬರುತ್ತಿರಲಿಲ್ಲ. ಅದೂ ನನಗೆ ಅನುಕೂಲವೇ ಆಗಿತ್ತು.

ಹೀಗೆ ಮೂರು ತಿಂಗಳು ಹೋಯಿತು. ಅಕ್ಕ ಮೂರು ಕಾದಂಬರಿ ಮುಗಿಸಿದಳು. ಮೊದಲಿನ ಹಾಗೆ ಊಟಕ್ಕೆ ಕೂತಾಗ ಕಥೆ ಹೇಳುತ್ತಿರಲಿಲ್ಲ ಎಂಬುದನ್ನು ನಾನು ಗಮನಿಸಿದ್ದೆ, ಆದರೆ ಅದಕ್ಕೆ ಅರ್ಥ ಹಚ್ಚಲು ಹೋಗಲಿಲ್ಲ.

ಮಾಘದ ಬಿಸಿಲು ಏರುವ ಹೊತ್ತಿಗೆ ಇಬ್ಬರೂ ವರದಹಳ್ಳಿಗೆ ಹೋದೆವು. ವರ್ಷಕ್ಕೊಮ್ಮೆ ಆಶ್ರಮಕ್ಕೆ ಹೋಗಿ, ಕೈಮುಗಿದು, ಊಟ ಮಾಡಿಕೊಂಡು ಬರುವುದು ಅಕ್ಕನ ರೂಢಿ. ಸಾಗರದಲ್ಲಿ ಬಸ್ಸು ಬದಲಿಸಿದಾಗ ಅವಳಿಗೆ ಕಿಟಕಿಯ ಕಡೆ ಜಾಗ ಸಿಕ್ಕಿತು, ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಕೂತರು. ನನ್ನ ಸೀಟು ಹಿಂದೆ. ಆಕೆ ಬಾಯಿ ಬಿಟ್ಟ ಕೂಡಲೇ ಅಡಿಕೆ ತೋಟದ ಕಡೆಯವರು ಎಂದು ಗೊತ್ತಾಯಿತು. ಅಕ್ಕನ ಕಣ್ಣಿನ ವಿಷಯ ವಿಚಾರಿಸಿ, ಹೊತ್ತು ಹೇಗೆ ಹೋಗುತ್ತದೆ ಎಂದು ಕೇಳಿದರು. ಕಂಪ್ಯೂಟರ್ ಓದಿ ಹೇಳುತ್ತದೆ ಎಂದು ಅಕ್ಕ ಹೆಮ್ಮೆಯಿಂದ ಹೇಳಿದಳು. ಎಂತಾ ಕಥೆ ಅದು, ಹೇಳಿ ನೋಡುವ ಎಂದರು ಅವರು.

ಅಕ್ಕ ಕಥೆ ಹೇಳತೊಡಗಿದಳು. ನಾನೇ ಕರಡು ತಿದ್ದಿದ್ದ ಕಾದಂಬರಿ. ಹತ್ತು ವರ್ಷ ದೂರವಿದ್ದ ಗಂಡ ಮನೆಗೆ ಮರಳಿ ಬರುವ ಕಥೆ.

"ಅವ್ನು ಬಾಗಿಲಿಗೆ ಬಂದು ನಿಂತ. ಅವ್ಳು ನೋಡಿದ್ಲು. ಚೊಂಬಲ್ಲಿ ನೀರು ತಂದಿಟ್ಲು. ಅವ್ನು ಕಾಲು ತೊಳ್ದ. ಅವ್ಳು ಒಳಗೆ ಹೋದ್ಲು."

"ಮತ್ತೆ ಅಂವ ಎಂತ ಹೇಳ್ದ?" ಎಂದು ಆಕೆ ಕೇಳಿದರು.

"ಎಂತದ್ದೂ ಇಲ್ಲ."

"ಅವ್ಳಾದ್ರೂ ಕೇಳಿದ್ಲಾ? ಇಷ್ಟು ವರ್ಷ ಎಲ್ಲಿಗೆ ಹೋಗಿದ್ದೆ ಹೇಳಿ?"

"ಇಲ್ಲ ಕಣ್ರೀ" ಎಂದಳು ಅಕ್ಕ. "ಈಗಿನ ಕಾದಂಬರೀಲಿ ಯಾರೂ ಮಾತಾಡಲ್ಲ. ಬರ್ತಾರೆ, ಕೂತ್ಕೋತಾರೆ, ಎದ್ದು ಹೋಗ್ತಾರೆ. ಮೊದಲಿನ ಥರ ಅಲ್ಲ."

ನಾನು ಸೀಟಿನಲ್ಲಿ ಮುಂದಕ್ಕೆ ಬಾಗಿದೆ. ಆ ಅಧ್ಯಾಯದಲ್ಲಿ ಗಂಡ ಹೆಂಡತಿ ಆರು ಪುಟ ಮಾತಾಡುತ್ತಾರೆ. ಆ ಕಾದಂಬರಿಯ ಜೀವವೇ ಆ ಆರು ಪುಟ. ಅದನ್ನು ತಿದ್ದುವಾಗ ನಾನು ಕೈ ನಿಲ್ಲಿಸಿ ಎರಡನೇ ಸಲ ಓದಿದ್ದೆ.

ವರದಹಳ್ಳಿಯಲ್ಲಿ ಕೈಮುಗಿದದ್ದೂ ಗೊತ್ತಿಲ್ಲ, ಉಂಡದ್ದೂ ಗೊತ್ತಿಲ್ಲ. ಮನೆಗೆ ಬಂದವಳು ಚಪ್ಪಲಿ ಬಿಟ್ಟು ಸೀದಾ ಕಂಪ್ಯೂಟರಿಗೆ ಹೋದೆ. ಹೆಡ್‌ಫೋನ್ ಕಿತ್ತು, ಆ ಅಧ್ಯಾಯ ತೆರೆದು, ಮೊದಲ ಬೊಟ್ಟು ಒತ್ತಿದೆ. ಅವನು ಬಾಗಿಲಿಗೆ ಬಂದು ನಿಂತ. ಅವಳು ನೋಡಿದಳು. ಉದ್ಧರಣ ಚಿಹ್ನೆಯ ಒಳಗೆ ಇದ್ದದ್ದೆಲ್ಲವನ್ನೂ ಆ ದನಿ ಬಿಟ್ಟುಬಿಟ್ಟು, ಏನೂ ಆಗಿಲ್ಲವೆಂಬಂತೆ ಮುಂದೆ ಹೋಗುತ್ತಿತ್ತು. ಇನ್ನೊಂದು ಕಾದಂಬರಿ ತೆರೆದೆ, ಅದೂ ಹಾಗೆಯೇ. ಯಾರು ಯಾರಿಗೆ ಏನು ಹೇಳಿದರೂ ಕೇಳಿಸದು. ಕಾಳುಮೆಣಸಿನ ಕೈಪಿಡಿಯಲ್ಲಿ ಯಾರೂ ಮಾತಾಡುವುದಿಲ್ಲವಾದ್ದರಿಂದ ನನಗೆ ತಪ್ಪು ಸಿಕ್ಕಿರಲಿಲ್ಲ. ಅಕ್ಕನಿಗೆ ಎಂದು ತಂದ ದನಿಯನ್ನು ಅಕ್ಕನಿಗೆ ಬೇಕಾದ ಪುಸ್ತಕದ ಒಂದು ಪುಟದ ಮೇಲೂ ನಾನು ಪರೀಕ್ಷಿಸಿರಲಿಲ್ಲ.

ತಪ್ಪು ನನ್ನದು, ಸಿಟ್ಟು ಮಾತ್ರ ಅವಳ ಮೇಲೆ ಬಂತು. ನನ್ನ ಸ್ವಭಾವವೇ ಅದು.

"ಮೂರು ತಿಂಗಳಿಂದ ಮಾತೇ ಇಲ್ಲದ ಕಥೆ ಕೇಳ್ತಾ ಇದ್ದೀಯಲ್ಲೇ! ಒಂದು ದಿನ ಬಾಯಿ ಬಿಟ್ಟು ಹೇಳಬಾರ್ದಿತ್ತಾ?"

"ಎಂತ ಹೇಳೋದು?"

"ಚೆನ್ನಾಗಿಲ್ಲ ಅಂತ! ಅರ್ಥ ಆಗ್ತಿಲ್ಲ ಅಂತ!"

"ನೀನು ಅಷ್ಟು ಕಷ್ಟಪಟ್ಟು ಹಾಕಿಕೊಟ್ಟಿದ್ದೆ. ಅವ್ರು ಪುಕ್ಕಟೆ ಕೊಟ್ಟಿದ್ರು."

"ಅವ್ರು ಕೊಟ್ಟಿದ್ದೇ ತಪ್ಪು ಹೇಳ್ಲಿ ಅಂತ! ಡಾಕ್ಟ್ರೂ ಕೇಳಿದ್ದು ಅದಕ್ಕೇ!"

ಡಾಕ್ಟರ ಮಾತು ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಕ್ಕ ಕೈಯಲ್ಲಿದ್ದ ಪ್ರಸಾದದ ಪೊಟ್ಟಣವನ್ನು ಮಂಚದ ಮೇಲೆ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಇವತ್ತಿಗೂ ನನಗೆ ಆಗಿಲ್ಲ.

ಮರುದಿನ ಬೆಳಿಗ್ಗೆ ಕೆಲಸ ಬದಿಗಿಟ್ಟು ತೊಂದರೆ ವರದಿ ಮಾಡುವ ನಮೂನೆ ತೆರೆದೆ. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡೆ, ನಿನ್ನ ಬಾಯಿಂದಲೇ ಬರಬೇಕು ಎಂದೆ. ನಮೂನೆಯಲ್ಲಿ ಒಂದರ ಕೆಳಗೊಂದು ಪ್ರಶ್ನೆಗಳು. ಏನು ನಡೆಯಬೇಕಿತ್ತು? ಏನು ನಡೆಯಿತು? ಅಕ್ಕ ಮೊದಲು ಮುದುಡಿದಳು. ಆಮೇಲೆ ಮೆಲ್ಲಗೆ ಒಂದೊಂದೇ ಹೇಳಿದಳು. ಮಾತು ಓದೋದಿಲ್ಲ. ಒಂದೊಂದು ಸಲ ಅಧ್ಯಾಯ ಮುಗಿದದ್ದು ಗೊತ್ತಾಗಲ್ಲ. ಹಿಂದೆ ಹೋಗು ಅಂದ್ರೆ ತುಂಬಾ ಹಿಂದೆ ಹೋಗ್ತಾಳೆ. ಒಟ್ಟು ಏಳು ತಪ್ಪು. ಅವಳಿಗೆ ಎಲ್ಲವೂ ಗೊತ್ತಿತ್ತು. ಒಳ್ಳೆಯ ಕರಡು ತಿದ್ದುವವರು ಗುರುತು ಹಾಕಿಕೊಂಡ ಹಾಗೆ ಒಂದೊಂದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

ಕೊನೆಯ ಪ್ರಶ್ನೆ ಬಂತು. ಈ ತೊಂದರೆ ಮೊದಲ ಬಾರಿಗೆ ಯಾವಾಗ ಕಂಡುಬಂತು?

"ಯಾವಾಗಿಂದ ಹೀಗೆ? ಮೊದಲ ದಿನದಿಂದ್ಲೇನಾ?" ಎಂದು ಅವಳನ್ನು ಕೇಳಿದೆ.

ಅಕ್ಕ ಕೀಲಿಯ ಮೇಲಿನ ಬೊಟ್ಟನ್ನು ತಡವಿದಳು.

"ಮೊದ್ಲು ನಂಗೆ ತೊಂದರೆ ಅಂತಲೇ ಅನ್ನಿಸ್ಲಿಲ್ಲ ಕಣೇ" ಎಂದಳು. "ನೀನು ಓದುವಾಗ್ಲೂ ಹಂಗೇ ಬಿಡ್ತಿದ್ದೆ ಅಲ್ವಾ. ಪುಟ ಎರಡೆರಡು ಮಗುಚೋ ಸದ್ದು ನಂಗೆ ಕೇಳ್ತಿತ್ತು. ಬೇಗ ಮುಗೀಲಿ ಅಂತ ನೀನೇ ಅದಕ್ಕೂ ಹಾಗೆ ಮಾಡಿಟ್ಟಿದ್ದೀಯ ಅಂದ್ಕೊಂಡೆ. ಬಸ್ಸಲ್ಲಿ ಆಕೆ ಮುಂದೆ ನಿನ್ನ ದೂರೋದು ಬೇಡ ಅಂತ ಈಗಿನ ಕಾದಂಬರೀನೇ ಹಂಗೆ ಅಂದುಬಿಟ್ಟೆ."

ದೂರುವ ದನಿಯಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ.

ಅವಳು ಹೇಳಿದ್ದು ನಿಜ. ದಿನಾ ಆ ಒಂದು ಗಂಟೆಯಲ್ಲಿ ನಾನು ಹಾರಿಸಿ ಓದುತ್ತಿದ್ದೆ. ವರ್ಣನೆ ಬಂದರೆ ಒಂದು ಪ್ಯಾರಾ, ಇಬ್ಬರು ಕೂತು ಮಾತಿಗಿಳಿದರೆ ಒಂದು ಪುಟ. ಬೇರೆಯವರ ಪುಸ್ತಕದಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋದರೆ ಸಹಿಸದವಳು, ಕಣ್ಣು ಕಾಣದ ಅಕ್ಕನಿಗೆ ಪುಟಗಟ್ಟಲೆ ಬಿಟ್ಟು ಓದುತ್ತಿದ್ದೆ. ಅವಳಿಗೆ ತಿಳಿಯುವುದಿಲ್ಲ ಎಂದುಕೊಂಡಿದ್ದೆ. ನನಗೆ ನಾಚಿಕೆಯಾಯಿತು. ಆ ಖಾಲಿ ಚೌಕದಲ್ಲಿ ಮೊದಲ ದಿನದಿಂದ ಎಂದು ಟೈಪು ಮಾಡಿ ಕಳಿಸಿದೆ.

ವರದಿಗೆ ಎರಡು ಸಾಲಿನ ಉತ್ತರ ಬಂತು. ಧನ್ಯವಾದ, ಇದನ್ನು ಬೇರೆ ಯಾರೂ ತಿಳಿಸಿರಲಿಲ್ಲ, ಪರಿಶೀಲಿಸುತ್ತೇವೆ ಎಂದು. ಬಿಡುಗಡೆಯ ದಿನ ಹತ್ತಿರ ಬರುತ್ತಿತ್ತು. ಅಷ್ಟರೊಳಗೆ ಸರಿಯಾಗದಿದ್ದರೆ ಎಂದು ನನಗೆ ದಿಗಿಲು. ಆ ದಿನಗಳಲ್ಲಿ ನಾನೇ ಓದುತ್ತೇನೆ, ಒಂದಕ್ಷರ ಬಿಡುವುದಿಲ್ಲ ಎಂದು ಅಕ್ಕನ ಮುಂದೆ ಪುಸ್ತಕ ಹಿಡಿದು ಕೂತೆ. "ಬೇಡ ಕಣೇ, ಅದು ಸರಿಯಾಗ್ಲಿ" ಎಂದಳು. ಒತ್ತಾಯ ಮಾಡುವ ಮುಖ ನನಗಿರಲಿಲ್ಲ.

ಎರಡು ಅಪ್‌ಡೇಟು ಬಂದು ಹೋದವು, ಏನೂ ಬದಲಾಗಲಿಲ್ಲ. ಮೂರನೆಯದು ಬಂದ ದಿನ ನಾನು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅಕ್ಕ ಒಳಗಿನಿಂದ ಕೂಗಿದ ರೀತಿಗೆ ಬಿದ್ದಳೋ ಏನೋ ಎಂದು ಓಡಿದೆ. ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದುಕೊಂಡು ಕೂತಿದ್ದಳು.

"ಮಾತಾಡ್ತಾ ಇದಾರೆ ಕಣೇ! ಅವ್ಳು ಕೇಳಿದ್ಲು! ಎಲ್ಲಿಗೆ ಹೋಗಿದ್ದೆ ಅಂತ ಕೇಳಿಯೇ ಬಿಟ್ಲು!"

ಆ ಮೂರು ಕಾದಂಬರಿಗಳನ್ನೂ ಮೊದಲಿನಿಂದ ಕೇಳಿದಳು. ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ಕೇಳಿ, ಯಾರನ್ನೂ ಕಾಯಿಸದೆ. ಊಟದ ಹೊತ್ತಿಗೆ ಮೊದಲಿನ ಹಾಗೆ ಕಥೆ ಹೇಳತೊಡಗಿದಳು. ಗಂಡನ ಮಾತಿಗೆ ಒಂದು ದನಿ, ಹೆಂಡತಿಯ ಮಾತಿಗೆ ಇನ್ನೊಂದು ದನಿ. ಅಷ್ಟಕ್ಕೇ ನಿಂತಿದ್ದರೆ ನಾನೂ ನೆಮ್ಮದಿಯಿಂದ ಇರಬಹುದಿತ್ತು.

ಒಂದು ಮಧ್ಯಾಹ್ನ ಕೇಳಿದಳು. "ನೀನು ಮೊದ್ಲು ಓದಿದ್ಯಲ್ಲ, ಆ ಅಜ್ಜಿ ಕಥೆ. ಅದು ಇದೆಯಾ ಇದ್ರಲ್ಲಿ?"

ನಾನು ಇಲ್ಲಿಯವರೆಗೆ ಯಾರಿಗೂ ಹೇಳದ ಒಂದು ವಿಷಯವಿದೆ. ಅವಳ ಕಣ್ಣು ಹೋದ ಮೇಲೆ ನಾನು ಅವಳಿಗೆ ಓದಿದ ಮೊದಲ ದೊಡ್ಡ ಕಾದಂಬರಿ ಅದು. ಮನೆ ಬಿಟ್ಟುಹೋದ ಮೊಮ್ಮಗಳನ್ನು ಹುಡುಕಿಕೊಂಡು ಒಬ್ಬ ಅಜ್ಜಿ ಊರೂರು ತಿರುಗುತ್ತಾಳೆ. ಅರ್ಧ ದಾಟಿದ ಮೇಲೆ ನನಗೆ ಸಾಕಾಗಿಹೋಗಿತ್ತು. ಇನ್ನೂ ಎಂಬತ್ತು ಪುಟ ಉಳಿದಿತ್ತು. ಅಜ್ಜಿ ಒಂದು ಛತ್ರದಲ್ಲಿ ಜ್ವರ ಬಂದು ಮಲಗುವ ಜಾಗ ಬಂದಾಗ, ಪುಸ್ತಕ ನೋಡುತ್ತಾ ಓದುವ ದನಿಯಲ್ಲೇ, "ಬೆಳಗಾಗುವ ಮೊದಲು ಅವಳು ತೀರಿಕೊಂಡಳು" ಎಂದು ನಾನೇ ಒಂದು ವಾಕ್ಯ ಸೇರಿಸಿ ಪುಸ್ತಕ ಮುಚ್ಚಿದೆ. ಮುಗಿಯಿತು ಎಂದೆ. ಅಕ್ಕ ಅವತ್ತು ಸರಿಯಾಗಿ ಊಟ ಮಾಡಲಿಲ್ಲ. "ಪಾಪ, ಮೊಮ್ಮಗಳನ್ನ ನೋಡದೇ ಹೋದ್ಲಲ್ಲ" ಎಂದು ಎಷ್ಟೋ ದಿನ ಹೇಳುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ.

ಆ ಕಾದಂಬರಿಯ ಹೊಸ ಮುದ್ರಣದ ಕಡತ ನನ್ನ ಕಂಪ್ಯೂಟರಿನಲ್ಲೇ ಇತ್ತು. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವಳು ಹುಡುಕಿ ನೋಡುವವಳಲ್ಲ, ಎರಡನೇ ಸಲ ಕೇಳುವವಳೂ ಅಲ್ಲ. ಇಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಇದೆ" ಎಂದೆ. ಅವಳ ಸಾಲಿನಲ್ಲಿ ಮೊದಲಿಗೆ ಇಟ್ಟುಕೊಟ್ಟೆ.

ನಾಲ್ಕು ಮಧ್ಯಾಹ್ನ ಕೇಳಿದಳು. ಮೂರನೆಯ ದಿನ ಛತ್ರದ ಅಧ್ಯಾಯ ದಾಟುತ್ತದೆ ಎಂದು ನನಗೆ ಲೆಕ್ಕ ಸಿಕ್ಕಿತ್ತು. ಅವತ್ತು ನನ್ನಿಂದ ಒಂದು ಪುಟವೂ ತಿದ್ದಲಾಗಲಿಲ್ಲ. ಅವಳು ಹೊರಗೆ ಬಂದು ಕಾಫಿ ಕುಡಿದಳು, ಸೆಖೆ ಶುರುವಾಯಿತು ಎಂದಳು. ನಾಲ್ಕನೆಯ ದಿನ ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ನಾನು ಸೌತೆಕಾಯಿ ಹೆಚ್ಚುತ್ತಿದ್ದೆ.

"ಅಜ್ಜಿ ಸಾಯಲ್ಲ" ಎಂದಳು.

"ಇಲ್ಲ" ಎಂದೆ.

"ಮೊಮ್ಮಗಳು ಸಿಗ್ತಾಳೆ. ಇಬ್ರೂ ಸೇರಿ ಇಡ್ಲಿ ಅಂಗಡಿ ಇಡ್ತಾರೆ."

"ಹೌದು."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕಾ."

ಬೈಯಲಿ ಎಂದು ಕಾದೆ. ಜೀವಮಾನದಲ್ಲಿ ಒಂದು ಸಲ, ಚೆನ್ನಾಗಿಲ್ಲ ಕಣೇ ನೀನು ಮಾಡಿದ್ದು ಎಂದು ಬಾಯಿ ಬಿಟ್ಟು ಹೇಳಲಿ ಎಂದು. ಅವಳು ಬಾಗಿಲಿನ ಚೌಕಟ್ಟಿನ ಮೇಲೆ ಬೆರಳಾಡಿಸುತ್ತಾ ನಿಂತಿದ್ದಳು.

"ಎರಡು ವರ್ಷ ಸತ್ತೇ ಹೋಗಿದ್ಲಲ್ಲೇ ಅವ್ಳು, ನನ್ನ ಪಾಲಿಗೆ" ಎಂದಳು. ಬಂದ ಗೋಡೆಯನ್ನೇ ಹಿಡಿದುಕೊಂಡು ಕೋಣೆಗೆ ಹಿಂದಿರುಗಿದಳು.